ಪಾಪು ತಲೆ ಸ್ಕ್ಯಾನ್‌ಗೆ ಕರ್ಕೊಂಡು ಹೋಗೋರಿಗೆ

ಡಾಕ್ಟ್ರು ಚೀಟೀಲಿ ನ್ಯೂರೋಸೋನೋಗ್ರಾಮ್ ಅಂತ ಬರ್ಕೊಟ್ರೆ ಹೆದರ್ಕೋಬೇಡಿ, ನಾವು ಹೆದರಿದ್ದು ಸಾಕು, ನಮ್ಮ ಮಗು 31 ವಾರಕ್ಕೇ ಹುಟ್ಟಿದ್ದು. ಬಸುರೀಲಿ ಹೊಟ್ಟೆಗೆ ಮಾಡ್ತಾರಲ್ಲ ಅದೇ ಅಲ್ಟ್ರಾಸೌಂಡ್, ರೇಡಿಯೇಷನ್ ಇಲ್ಲ, ಇಂಜೆಕ್ಷನ್ ಇಲ್ಲ. ನೆತ್ತಿ ಮೇಲೆ ಮೆತ್ತಗೆ ಮಿಡಿಯೋ ಜಾಗ ಇರುತ್ತಲ್ಲ, ಅಲ್ಲಿ ಮೂಳೆ ಇನ್ನೂ ಕೂಡಿರಲ್ಲ, ಅಲ್ಲಿಂದ್ಲೇ ಮೆದುಳು ನೋಡ್ತಾರೆ. ಆರು ತಿಂಗಳಾದ್ಮೇಲೆ ಆ ಜಾಗ ಕಿರಿದಾಗ್ತಾ ಚಿತ್ರ ಚೆನ್ನಾಗಿ ಬರಲ್ಲ, ಹಾಗಾಗಿ ಮಳೆ ಹೊಳವಾಗ್ಲಿ ಆಮೇಲೆ ಶಿವಮೊಗ್ಗಕ್ಕೆ ಹೋಗೋಣ ಅಂತ ಕೂತ್ಕೋಬೇಡಿ.

ತಲೆ ಬೋಳಿಸ್ಬೇಕಾ ಅಂತ ನಮ್ಮತ್ತೆ ಕೇಳಿದ್ರು, ಬೇಡ. ಖಾಲಿ ಹೊಟ್ಟೇಲೂ ಇರೋದು ಬೇಡ, ಉಲ್ಟಾ ಹಾಲು ಕುಡ್ಸಿ ಮಲಗ್ಸಿದ್ರೇ ಒಳ್ಳೇದು. ನಾವು ತೀರ್ಥಹಳ್ಳಿ ಕಡೆಯಿಂದ ಬರ್ತಾ ದಾರೀಲಿ ಗಾಜನೂರಲ್ಲೇ ಹಾಲು ಕೊಟ್ವಿ, ಸ್ಕ್ಯಾನ್ ಮಾಡೋ ಕಡೆ ಹೋದ್ರೆ ಕ್ಯೂ, ನಮ್ಮ ನಂಬರ್ ಬರೋ ಹೊತ್ತಿಗೆ ಮಗು ಎದ್ದು ಕೂಗಾಟ, ಅದಕ್ಕೆ ನಂಬರ್ ಹತ್ರ ಬಂದ್ಮೇಲೇ ಕುಡಿಸಿ. ಅವತ್ತು ಒಂದಿನ ಅಜ್ಜಿ ನೆತ್ತಿಗೆ ಎಣ್ಣೆ ಸುರಿಯೋದು ಬಿಡ್ಲಿ, ಜೆಲ್ ಜೊತೆ ಸೇರಿ ರಾಡಿ ಆಗುತ್ತೆ ಅಷ್ಟೇ. ಜೆಲ್ ಸ್ವಲ್ಪ ಬೆಚ್ಚಗೆ ಮಾಡಿ ಹಾಕಿ ಅಂತ ಕೇಳಿ, ನಾಚ್ಕೋಬೇಡಿ. ಟೋಪಿ, ಒರೆಸೋಕೆ ಹತ್ತಿ ಬಟ್ಟೆ, ಹಳೇ ರಿಪೋರ್ಟ್ ಬ್ಯಾಗಲ್ಲಿರ್ಲಿ. ಹತ್ತು ಹದಿನೈದು ನಿಮಿಷದ ಕೆಲಸ.

ಮುಖ್ಯವಾದ್ದು ಇದು. ತಿಂಗಳು ತುಂಬದೆ ಹುಟ್ಟಿದ ಮಕ್ಕಳಿಗೆ ಮೆದುಳಲ್ಲಿ ರಕ್ತಸ್ರಾವ ಆಗೋದಿದ್ರೆ ಹೆಚ್ಚಾಗಿ ಮೊದಲ ವಾರದಲ್ಲೇ ಆಗುತ್ತೆ, ಅದಕ್ಕೇ ಮೊದಲ ಸ್ಕ್ಯಾನ್ ಎನ್‌ಐಸಿಯುಗೇ, ಅಂದ್ರೆ ಹಸುಗೂಸುಗಳ ಐಸಿಯುಗೇ, ಮಷೀನ್ ತಂದು ಮಾಡಿಬಿಡ್ತಾರೆ. ಆದ್ರೆ ಮೆದುಳಿನ ಬಿಳಿ ಭಾಗಕ್ಕೆ ಪೆಟ್ಟು ಬಿದ್ದಿದ್ರೆ ಅದು ಕಾಣೋಕೆ ವಾರಗಟ್ಲೆ ಬೇಕು. ಅದಕ್ಕೇ 40 ವಾರ ತುಂಬ್ಬೇಕಿದ್ದ ತಾರೀಕಿನ ಆಸುಪಾಸು ಇನ್ನೊಂದ್ಸಲ ಬರೋಕೆ ಹೇಳೋದು, ಮೊದಲನೇದು ನಾರ್ಮಲ್ ಬಂತಲ್ಲ ಅಂತ ಸುಮಾರು ಜನ ಇದನ್ನ ಬಿಟ್ಬಿಡ್ತಾರೆ, ಬಿಡ್ಬೇಡಿ.

ರಿಪೋರ್ಟಲ್ಲಿ ರಕ್ತಸ್ರಾವ ಗ್ರೇಡ್ 1 ಅಂತಿದ್ರೆ ರಾತ್ರಿಯೆಲ್ಲಾ ಮೊಬೈಲಲ್ಲಿ ಹುಡುಕ್ತಾ ಕೂರ್ಬೇಡಿ, 4ರವರೆಗೆ ಇರೋ ಲೆಕ್ಕದಲ್ಲಿ ಅದು ಎಲ್ಲಕ್ಕಿಂತ ಚಿಕ್ಕದು. ಮೆದುಳೊಳಗೆ ನೀರು ತುಂಬಿರೋ ಜಾಗ ದೊಡ್ಡದಾಗ್ತಿದ್ಯಾ, ಮುಂದಿನ ಸ್ಕ್ಯಾನ್ ಯಾವಾಗ, ಎಂಆರ್‌ಐ ಬೇಕಾ, ಈ ಮೂರು ಕೇಳ್ಕೊಂಡು ಬನ್ನಿ. ನೆತ್ತಿ ಉಬ್ಬಿ ಬಿಗಿಯಾಗಿದ್ರೆ, ಫಿಟ್ಸ್ ಬಂದ್ರೆ, ವಾಂತಿ ನಿಲ್ದೇ ಇದ್ರೆ, ಎಬ್ಬಿಸಿದ್ರೂ ಹಾಲಿಗೆ ಏಳ್ದೇ ಇದ್ರೆ ಅಪಾಯಿಂಟ್‌ಮೆಂಟ್ ಕಾಯ್ಬೇಡಿ, ರಾತ್ರಿಯಾದ್ರೂ ಸೀದಾ ಹತ್ತಿರದ ಆಸ್ಪತ್ರೆಗೆ ಹೊರಡಿ.