ದಾಖಲೆಯಲ್ಲಿ ಗದ್ದೆ, ಕಣ್ಣೆದುರು ಅಡಿಕೆ ತೋಟ

ನಮ್ಮದು ಮಂಜೇಶ್ವರ ತಾಲೂಕು. ಅಪ್ಪ ಅಡಿಕೆ ಹಾಕಿದ 18 ಸೆಂಟ್ ಜಾಗದಲ್ಲಿ ಮನೆ ಕಟ್ಟೋಣ ಅಂತ ಹೊರಟರೆ ಪರವಾನಗಿ ಸಿಗಲಿಲ್ಲ. ಕಂದಾಯ ದಾಖಲೆಯಲ್ಲಿ ಅದು ಇನ್ನೂ ‘ನಿಲಂ’, ಅಂದರೆ ಗದ್ದೆ! ಕೇರಳದ 2008ರ ಭತ್ತದ ಗದ್ದೆ ಸಂರಕ್ಷಣೆ ಕಾಯ್ದೆ ಅಡ್ಡ ಬಂತು.

ಭೂಸ್ವಭಾವ ಬದಲಿಸಲು ಫಾರಂ 6 ಕೊಟ್ಟೆ. ತಿರಸ್ಕಾರ. ತಪ್ಪು ನನ್ನದೇ. ಕೃಷಿ ಭವನದಲ್ಲಿ ಡೇಟಾ ಬ್ಯಾಂಕ್, ಅಂದರೆ ಉಳಿಸಬೇಕಾದ ಗದ್ದೆಗಳ ಸರಕಾರಿ ಪಟ್ಟಿ ನೋಡಿದೆ, ನಮ್ಮ ಸರ್ವೆ ನಂಬರ್ ಅದರಲ್ಲಿತ್ತು. ಪಟ್ಟಿಯಲ್ಲಿ ಇದ್ದರೆ ಮೊದಲು ಫಾರಂ 5 ಕೊಟ್ಟು ಜಾಗವನ್ನು ಅದರಿಂದ ತೆಗೆಸಬೇಕು. ಆಮೇಲೆ ಫಾರಂ 6. ಈ ಕ್ರಮ ಗೊತ್ತಿಲ್ಲದೆ ಸುಮ್ನೆ ತಿಂಗಳುಗಟ್ಟಲೆ ಅಲೆದೆ.

ಕೆಲಸಕ್ಕೆ ಬಂದದ್ದು ಉಪಗ್ರಹ ಚಿತ್ರ. ಕಾಯ್ದೆ ಜಾರಿಯಾದದ್ದು 2008ರ ಆಗಸ್ಟ್‌ನಲ್ಲಿ. ಆಗಲೇ ಅಲ್ಲಿ ಗದ್ದೆ ಇರಲಿಲ್ಲ ಅಂತ ತೋರಿಸಬೇಕು. ರಾಜ್ಯದ ದೂರಸಂವೇದಿ ಕೇಂದ್ರದ ವರದಿಯಲ್ಲಿ ಹಳೆ ಚಿತ್ರದಲ್ಲೂ ತೋಟವೇ ಕಂಡಿತು. ಕೃಷಿ ಅಧಿಕಾರಿ ಬಂದು ಮರಗಳ ದಪ್ಪ ನೋಡಿ ನಕ್ಕರು.

ಫಾರಂ 5 ಪಾಸಾಯಿತು. 25 ಸೆಂಟ್ ಒಳಗಿನ ಜಾಗವಾದ್ದರಿಂದ ಫಾರಂ 6ಕ್ಕೆ ಪರಿವರ್ತನೆ ಶುಲ್ಕವೂ ಬೀಳಲಿಲ್ಲ. ಗದ್ದೆ ಉಳಿಸುವ ಕಾಯ್ದೆ ಬೇಕು, ನೀರು ಇಂಗುವುದೇ ಅಲ್ಲಿ ಅಲ್ವಾ? ಆದರೆ ಪಟ್ಟಿ ಮಾಡುವವರು ಒಮ್ಮೆ ಜಾಗಕ್ಕೆ ಬಂದು ನೋಡಬಹುದಿತ್ತು. ಈಗ ಹೊಸ ತೆರಿಗೆ ರಸೀದಿಯಲ್ಲಿ ‘ಪುರಯಿಡಂ’, ಅಂದರೆ ಗದ್ದೆಯಲ್ಲದ ಒಣ ಜಾಗ ಅಂತಿದೆ. ಮುಂದಿನ ವಾರ ಪಾಯ ತೋಡುತ್ತೇವೆ.