ರಾಯಚೂರಿನ ಮಾಳಿಗೆ ಮೇಲೆ ಅನಾನಸ್

ನಮ್ಮ ಪಕ್ಕದ ಮನೆಯ ಅಕ್ಕ ಕುಂಡ ನೋಡಿ ನಕ್ಕಿದ್ದರು. "ಬನವಾಸಿ ಕಡೆ ಬೆಳೆಯೋದನ್ನ ಈ ಬಿಸಿಲಾಗ ಬೆಳಿತೀಯೇನವ್ವಾ?" ಅಂತ. ಬಿಸಿಲೇನೂ ಗಿಡವನ್ನು ಕೊಲ್ಲಲಿಲ್ಲ. ಮೊದಲ ಎರಡನ್ನು ಕೊಂದದ್ದು ನಾನೇ.

ಒಂದನೆಯದು ಕೊಳೆತುಹೋಯಿತು. ಹಣ್ಣಿನ ತಿರುಳು ಅಂಟಿದ್ದ ಜುಟ್ಟನ್ನು ಹಾಗೇ ಎರೆ (ಕಪ್ಪು) ಮಣ್ಣಿಗೆ ನೆಟ್ಟು ದಿನಾ ನೀರು ಹಾಕಿದ್ದೆ. ಈಗ ಜುಟ್ಟನ್ನು ತಿರುಚಿ ಕಿತ್ತು, ತಿರುಳು ಪೂರ್ತಿ ತೆಗೆಯುತ್ತೇನೆ. ಕೆಳಗಿನ ಎಲೆಗಳನ್ನು ಒಂದೊಂದಾಗಿ ಸುಲಿದರೆ ಕಂದು ಬಣ್ಣದ ಚುಕ್ಕೆಗಳು ಕಾಣುತ್ತವೆ. ಬೇರು ಬರುವುದು ಅಲ್ಲಿಂದಲೇ. ನಾಲ್ಕು ದಿನ ನೆರಳಲ್ಲಿ ಒಣಗಿಸಿ ಆಮೇಲೆ ನೆಡಿ. ಹನ್ನೆರಡು ಇಂಚಿನ ಕುಂಡ ಸಾಕು. ಎರಡು ಪಾಲು ಮಸಾರಿ (ಕೆಂಪು) ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಹಳೆಯ ಗೊಬ್ಬರ. ಎರೆ ಮಣ್ಣು ಮಾತ್ರ ಬೇಡವೇ ಬೇಡ, ಅದು ನೀರು ಬಿಡುವುದಿಲ್ಲ.

ಎರಡನೆಯದರ ಕತೆ ಬೇರೆ. ಚೆನ್ನಾಗಿ ಬೇರು ಬಿಟ್ಟಿತ್ತು. ಆರು ತಿಂಗಳಿಗೆ ಎಲೆಗಳೆಲ್ಲ ಹಳದಿಯಾದವು. ಬಿಸಿಲಿಗೇ ಹೀಗಾಗಿದೆ ಅಂದುಕೊಂಡು ಇನ್ನೂ ಜಾಸ್ತಿ ನೀರು ಹಾಕಿದೆ. ತಪ್ಪು ಆ ನೀರಿನಲ್ಲೇ ಇತ್ತು. ನಮ್ಮ ಬೋರ್ ನೀರು ಎಷ್ಟು ಗಡಸು ಅಂದರೆ ಬಕೆಟ್‌ಗೆ ಬಿಳಿ ಪೊರೆ ಕಟ್ಟುತ್ತದೆ. ಅನಾನಸ್‌ಗೆ ಹುಳಿ ಮಣ್ಣು ಬೇಕು. ಸುಣ್ಣದ ನೀರು ಬಿದ್ದರೆ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ.

ಮೂರನೆಯದಕ್ಕೆ ಮಳೆ ನೀರನ್ನು ಡ್ರಮ್ಮಿನಲ್ಲಿ ಹಿಡಿದಿಟ್ಟೆ. ಬೇಸಿಗೆಯಲ್ಲಿ ಎಸಿಯಿಂದ ತೊಟ್ಟಿಕ್ಕುವ ನೀರು, ಅದರಲ್ಲಿ ಸುಣ್ಣ ಇರುವುದಿಲ್ಲ. ಆರ್‌ಒ ಮಷೀನು ಹೊರಗೆ ಬಿಡುವ ನೀರನ್ನು ಮಾತ್ರ ಹಾಕಬೇಡಿ, ಅದರಲ್ಲಿ ಉಪ್ಪು ಇನ್ನೂ ಜಾಸ್ತಿ. ಎಲೆ ಬಿಳಿಚಿದರೆ ಒಂದು ಲೀಟರಿಗೆ 2 ಗ್ರಾಂ ಅನ್ನಭೇದಿ (ಕಬ್ಬಿಣದ ಲವಣ, ಫೆರಸ್ ಸಲ್ಫೇಟ್) ಕರಗಿಸಿ ಸಂಜೆ ಹೊತ್ತು ಎಲೆಗೆ ಸಿಂಪಡಿಸಿ. ಈ ಗಿಡ ಎಲೆಯಿಂದಲೂ ಕುಡಿಯುತ್ತದೆ.

ಏಪ್ರಿಲ್, ಮೇ ಬಂದರೆ ಮಧ್ಯಾಹ್ನಕ್ಕೆ ಹಸಿರು ನೆಟ್ ಕಟ್ಟುತ್ತೇನೆ. ನೀರು ವಾರಕ್ಕೆ ಎರಡು ಸಲ, ಮೇಲ್ಮಣ್ಣು ಒಣಗಿದ ಮೇಲೆಯೇ. ಗಿಡ ಬಾಡುವುದಿಲ್ಲ, ಹೆದರಬೇಡಿ. ಹಗಲು ಎಲೆಯ ರಂಧ್ರ ಬಹುಪಾಲು ಮುಚ್ಚಿಕೊಂಡು, ರಾತ್ರಿ ತಂಪಾದಾಗ ಉಸಿರಾಡುವ ಜಾತಿ ಇದು.

ಜುಟ್ಟಿನಿಂದ ಬೆಳೆಸಿದರೆ ಹಣ್ಣಿಗೆ ಎರಡು ವರ್ಷ ಕಾಯಬೇಕು, ಕೆಲವು ಸಲ ಇನ್ನೂ ಜಾಸ್ತಿ. ನನಗೆ ತಾಳ್ಮೆ ಇರಲಿಲ್ಲ. ಮೂವತ್ತು ಎಲೆ ದಾಟಿದ ಮೇಲೆ ಮಾಗಿದ ಬಾಳೆಹಣ್ಣು ಎರಡನ್ನು ಬುಡದಲ್ಲಿಟ್ಟು, ಗಿಡಕ್ಕೆ ಪ್ಲಾಸ್ಟಿಕ್ ಚೀಲ ಮುಚ್ಚಿ, ನೆರಳಲ್ಲಿ ನಾಲ್ಕು ದಿನ ಬಿಟ್ಟೆ. ಹಣ್ಣಿನಿಂದ ಬರುವ ಅನಿಲಕ್ಕೆ ಹೂ ಹೊರಡುತ್ತದೆ. ಎರಡು ತಿಂಗಳಿಗೆ ನಡುವೆ ಕೆಂಪು ಮೊಗ್ಗು ಕಂಡಿತು! ಕಾಯಿ ಬಲಿಯುವಾಗ ಹಳೇ ಪೇಪರ್ ಸುತ್ತಿ, ಇಲ್ಲದಿದ್ದರೆ ಒಂದು ಮಗ್ಗಲು ಬಿಸಿಲಿಗೆ ಬೆಂದುಹೋಗುತ್ತದೆ.

ಹಣ್ಣು ಒಂದು ಕಿಲೋ ಕೂಡ ತೂಗಲಿಲ್ಲ. ಆದರೆ ಬುಡದಲ್ಲಿ ಮೂರು ಮರಿ ಬಂದವು. ಮರಿಯಿಂದ ಬೆಳೆಸಿದರೆ ಜುಟ್ಟಿಗಿಂತ ಬೇಗ ಹಣ್ಣು ಬರುತ್ತದೆ. ಒಂದನ್ನು ಪಕ್ಕದ ಮನೆಯ ಅಕ್ಕನಿಗೆ ಕೊಟ್ಟೆ. ಅವರು ಅದನ್ನು ಬೋರ್ ನಲ್ಲಿಯ ಪಕ್ಕದಲ್ಲೇ ಇಟ್ಟಿದ್ದಾರೆ, ನೀರು ಹಾಕಲು ಸಲೀಸು ಅಂತ.