ಮಹಾಪಧಮನಿಯ ಉಬ್ಬಿಗೆ ಲೋಹದ ಸ್ಟೆಂಟ್: ಪ್ರಾಣಿಗಳಲ್ಲಿ ಪರೀಕ್ಷಿಸುವ ಕ್ರಮ

ಪ್ರಾಣಿಯಲ್ಲಿ ಶಸ್ತ್ರಕ್ರಿಯೆಯಿಂದ ಮಾಡುವ ಉಬ್ಬು, ಮನುಷ್ಯನ ಮಹಾಪಧಮನಿಯ (ಹೃದಯದಿಂದ ಹೊರಡುವ ಮುಖ್ಯ ರಕ್ತನಾಳದ) ಗೋಡೆ ವರ್ಷಗಟ್ಟಲೆ ಶಿಥಿಲವಾಗಿ ಹುಟ್ಟುವ ಕಾಯಿಲೆಯಲ್ಲ. ಹೀಗಾಗಿ ಪ್ರಾಣಿಯಿಂದಲೇ ತಿಳಿಯಬೇಕಾದದ್ದು ಯಾವುದೆಂದು ಮೊದಲು ಬರೆದಿಟ್ಟುಕೊಳ್ಳಬೇಕು. ಸ್ಟೆಂಟ್ ಎಂದರೆ ನಾಳದೊಳಗೆ ಕೂರಿಸುವ ಲೋಹದ ಜಾಲರಿ ಕೊಳವೆ. ಅದರ ತಂತಿಯ ತುಕ್ಕು, ಹಿಗ್ಗುವ ಬಲ, ಸುಮಾರು 10 ವರ್ಷಗಳ ನಾಡಿಬಡಿತಕ್ಕೆ ಸಮನಾದ 40 ಕೋಟಿ ಆವರ್ತಗಳ ತಾಳಿಕೆ, ಇವನ್ನೆಲ್ಲ ಯಂತ್ರದಲ್ಲೇ ಪರೀಕ್ಷಿಸಬಹುದು. ಅದಕ್ಕಾಗಿ ಪ್ರಾಣಿಯನ್ನು ಬಳಸುವುದು ಸಲ್ಲದು. ನೈತಿಕ ಸಮಿತಿಯ ಅನುಮತಿ, ಅರಿವಳಿಕೆ, ನೋವುನಿವಾರಣೆ ಮತ್ತು ಪ್ರಯೋಗವನ್ನು ಯಾವ ಹಂತದಲ್ಲಿ ನಿಲ್ಲಿಸಬೇಕೆಂಬ ನಿಯಮ ಮೊದಲೇ ಸಿದ್ಧವಿರಬೇಕು.

ಇಲಿ, ಮೊಲಗಳ ರಕ್ತನಾಳಗಳು ಮನುಷ್ಯರ ಅಳತೆಯ ಸ್ಟೆಂಟಿಗೆ ತೀರ ಚಿಕ್ಕವಾದ್ದರಿಂದ ಹಂದಿ ಅಥವಾ ಕುರಿಯನ್ನು ಆರಿಸುತ್ತಾರೆ. ಸಾಕು ಹಂದಿ ಬೇಗ ಬೆಳೆಯುವುದರಿಂದ ಅದರ ನಾಳಕ್ಕೆ ಸ್ಟೆಂಟ್ ಕೆಲವೇ ತಿಂಗಳಲ್ಲಿ ಸಡಿಲವಾಗಬಹುದು. ದೀರ್ಘಾವಧಿಯ ಪರೀಕ್ಷೆಗೆ ಬೆಳೆದ ಕುರಿ ಅಥವಾ ಕಿರುತಳಿಯ ಹಂದಿ ಮೇಲು.

ಮೂತ್ರಪಿಂಡದ ಧಮನಿಗಳ ಕೆಳಗೆ ಮಹಾಪಧಮನಿಯನ್ನು ಉದ್ದಕ್ಕೆ ಸೀಳಿ, ಆ ಸೀಳಿಗೆ ಅಂಗಾಂಶದ ಅಥವಾ ಬಟ್ಟೆಯ ತೇಪೆ ಹೊಲಿದು ಉಬ್ಬನ್ನು ರಚಿಸುವುದು ಒಂದು ವಿಧಾನ. ಬಹಳಷ್ಟು ಪ್ರಯೋಗಗಳು ಎಡವುವುದು ಇಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಇಂಥ ಉಬ್ಬಿನ ಚೀಲದಲ್ಲಿ ರಕ್ತ ತಾನಾಗಿಯೂ ಹೆಪ್ಪುಗಟ್ಟಿ ಚೀಲ ಮುಚ್ಚಿಕೊಳ್ಳಬಹುದು; ಸ್ಟೆಂಟಿನಿಂದ ನಿರೀಕ್ಷಿಸುವುದೂ ಅದನ್ನೇ. ಸ್ಟೆಂಟ್ ಇಲ್ಲದ ಹೋಲಿಕೆಯ ಗುಂಪು ಇಲ್ಲದಿದ್ದರೆ ಪ್ರಕೃತಿ ಮಾಡಿದ ಕೆಲಸದ ಶ್ರೇಯಸ್ಸು ಲೋಹದ ಪಾಲಾಗುತ್ತದೆ. ಸೊಂಟದ ಚಿಕ್ಕ ಧಮನಿಗಳನ್ನು ಕಟ್ಟಿಬಿಟ್ಟರೂ ಫಲಿತಾಂಶ ಸುಳ್ಳಾಗುತ್ತದೆ, ಏಕೆಂದರೆ ಮನುಷ್ಯರಲ್ಲಿ ಚೀಲಕ್ಕೆ ರಕ್ತ ಹಿಂದಿರುಗುವ ದಾರಿಗಳಲ್ಲಿ ಅವೂ ಸೇರಿವೆ.

ಸ್ಟೆಂಟ್ ಅಳವಡಿಸುವಾಗ ರಕ್ತ ಹೆಪ್ಪುಗಟ್ಟದಂತೆ ತಡೆಯುವ ಹೆಪಾರಿನ್ ಕೊಟ್ಟು, ಬಣ್ಣದ್ರವದ ಎಕ್ಸ್-ರೇಯಲ್ಲಿ ಆರೋಗ್ಯವಂತ ಭಾಗದ ವ್ಯಾಸವನ್ನು ಅಳೆದು, ತಾನಾಗಿ ಹಿಗ್ಗುವ ನಿಟಿನಾಲ್ (ನಿಕ್ಕಲ್-ಟೈಟಾನಿಯಂ ಮಿಶ್ರಲೋಹ) ಸ್ಟೆಂಟನ್ನು ಸಾಮಾನ್ಯವಾಗಿ ಶೇ. 10ರಿಂದ 20ರಷ್ಟು ದೊಡ್ಡ ಅಳತೆಯಲ್ಲಿ ಆರಿಸಬೇಕು.

ನಂತರ ಸಿಟಿ ಸ್ಕ್ಯಾನ್‌ನಲ್ಲಿ ಚೀಲದ ಗಾತ್ರ, ಸ್ಟೆಂಟಿನ ಸ್ಥಾನ, ಪಕ್ಕದ ಧಮನಿಗಳ ಹರಿವನ್ನು ನಿಗದಿತ ದಿನಗಳಲ್ಲಿ ನೋಡಬೇಕು. ಚೀಲದೊಳಗಿನ ಒತ್ತಡವನ್ನೂ ಅಳೆಯುವುದು ಅಗತ್ಯ. ಹೆಪ್ಪು ತುಂಬಿದ ಚೀಲಕ್ಕೂ ಒತ್ತಡ ದಾಟಬಲ್ಲದು.

ಕೊನೆಯಲ್ಲಿ, ಸಹಜ ರಕ್ತದೊತ್ತಡಕ್ಕೆ ಸಮೀಪದ ಒತ್ತಡದಲ್ಲಿ ಫಾರ್ಮಲಿನ್ ಹಾಯಿಸಿ ನಾಳವನ್ನು ಸಂರಕ್ಷಿಸಿ, ರಾಳದಲ್ಲಿ ಹುದುಗಿಸಿ ವಜ್ರದ ಗರಗಸದಿಂದ ಕೊಯ್ಯಬೇಕು, ಏಕೆಂದರೆ ಸಾಮಾನ್ಯ ಅಲಗು ಲೋಹವನ್ನು ಅಂಗಾಂಶದಿಂದ ಕಿತ್ತುಬಿಡುತ್ತದೆ. ಕೊಯ್ಯುವ ಮುನ್ನವೇ ಎಕ್ಸ್-ರೇ ತೆಗೆಯಿರಿ: ತಂತಿ ಮುರಿದದ್ದು ಪ್ರಾಣಿಯೊಳಗೋ ಗರಗಸದಡಿಯೋ ಎಂದು ಆಮೇಲೆ ಹೇಳಲಾಗದು.